ಮೂರು ಕಲ್ಲಿನ ಸಂದು

"ದನ ನುಗ್ಗಬಾರ್ದು ಅಂತ್ಲೇ ನೆಟ್ಟಿರೋ ಕಲ್ಲು ಕಣ್ಲಾ ಇವು. ಆಚೆ ತಿರುಗ್ಸು ನಿನ್ ಹಲಗೇನ, ಹೆಳವ ನನ್ಮಗನೆ."

ಪಾರ್ಕಿನ ಕಾವಲುಗಾರ ಆಂಜಿನಪ್ಪನ ಬೈಗುಳ ಮುನಿಯಲ್ಲಪ್ಪನಿಗೆ ಹೊಸದಲ್ಲ. ಬೇರಿಂಗ್ ಚಕ್ರದ ಹಲಗೆಯ ಮೇಲೆ ಕೂತು, ಅದು ತೂರದಂತೆ ಬಾಗಿಲಿಗೆ ಅಡ್ಡ ನಿಂತ ಮೂರು ಕಲ್ಲುಗಳನ್ನು ನೋಡಿದ. ಅವನ್ನು ಕಡಿದು ನೆಟ್ಟವನೂ ತಾನೇ. ಶ್ರೀನಿವಾಸಪುರಕ್ಕೆ ಪಾರ್ಕು ಬಂದ ವರ್ಷ, ಎಪ್ಪತ್ತೆರಡರಲ್ಲಿ, ತನ್ನ ಸೊಂಟದ ಅಳತೆಗೆ ಸಂದು ಬಿಟ್ಟಿದ್ದ. ಜೊತೆಯಲ್ಲಿ ಕಲ್ಲು ಹೊರುತ್ತಿದ್ದ ಹೆಂಡತಿ ಚಿಕ್ಕಗಂಗಮ್ಮ, ತುಂಬು ಬಸುರಿ ಹೇಗೆ ದಾಟುತ್ತಾಳೆ ಎಂದು ಕೇಳಿದ್ದಳು. ಬಾಯಿ ಮುಚ್ಚೆ ಎಂದು ಗದರಿದ್ದ.

ಮೂರು ವರ್ಷಕ್ಕೆ ಕ್ವಾರಿಯ ಮದ್ದು ಸಿಡಿದು ಎರಡೂ ಕಾಲು ಹೋದವು. ಹೋದ ಶ್ರಾವಣದಲ್ಲಿ ಜ್ವರ ಬಂದು ಅವಳೂ ಹೋದಳು. ಈಗ ಗುಡಿಸಲಿನಲ್ಲಿ ಕೆಮ್ಮಿದರೆ ಯಾಕೆ ಎಂದು ಕೇಳುವವರಿಲ್ಲ. ಸಂಜೆ ಪಾರ್ಕಿನಲ್ಲಿ ರೇಡಿಯೋ ಹಾಕುತ್ತಾರೆ, ಅವಳು ಹೊತ್ತ ಚಪ್ಪಡಿಗಳ ಮೇಲೆ ಜನ ಕೂತು ಹರಟುತ್ತಾರೆ. ಅಲ್ಲೊಂದು ಮೂಲೆಯಲ್ಲಿ ಕೂರಬೇಕು, ನಾಲ್ಕು ಜನರ ಮಾತು ಕಿವಿಗೆ ಬೀಳಬೇಕು. ಆಸೆ ಇಷ್ಟೇ. ಅದೂ ಹೆಚ್ಚಾಯಿತಂತೆ.

ಮಾವಿನ ಮಂಡಿಯ ಚನ್ನರಾಯಪ್ಪನೇ ಪಾರ್ಕ್ ಕಮಿಟಿಗೂ ಯಜಮಾನ. ಅವನು ಬಂದಾಗ ಪಕ್ಕದ ದೊಡ್ಡ ಗೇಟಿನ ಬೀಗ ತೆಗೆದರು, ಕಾರು ಒಳಗೆ ಹೋಯಿತು. ಅದರ ಹಿಂದೆಯೇ ಮುನಿಯಲ್ಲಪ್ಪ ಹಲಗೆ ತಳ್ಳಿಕೊಂಡು ನುಗ್ಗಿದ. ಯಜಮಾನ ಕಾರಿಳಿದು ಅಡ್ಡ ಬಂದ.

"ದಿನಾ ಒಂದ್ ಗಳಿಗೆ ಕುಂತು ಹೋಗ್ತೀನಿ ಸ್ವಾಮಿ. ಈ ಕಲ್ಲೆಲ್ಲಾ ನಮ್ ಕೈಯಿಂದ್ಲೇ ಆಗಿದ್ದು."

"ಕೂಲಿ ಇಸ್ಕೊಂಡಿಲ್ವೇನ್ಲಾ ಒಡ್ಡ? ಹೆಂಗಸ್ರು ಮಕ್ಳು ಗಾಳಿಗೆ ಬರೋ ಜಾಗ ಇದು. ನಿನ್ ಮೋಟುಕಾಲು ನೋಡೋಕೆ ಬರ್ತಾರಾ? ನಡಿಯಲಾ ಆಚೆಗೆ."

ಆಂಜಿನಪ್ಪ ಹಲಗೆಯನ್ನು ಹೊರಕ್ಕೆ ದೂಡಿ ಬೀಗ ಜಡಿದ. ಚಪ್ಪಡಿಗಳ ಮೇಲಿದ್ದವರು ಒಮ್ಮೆ ನೋಡಿ ಮತ್ತೆ ಹರಟೆಗೆ ತಿರುಗಿದರು.

ಮಾರನೆಯ ಸಂಜೆ ರೇಡಿಯೋ ಶುರುವಾಗುವ ಹೊತ್ತಿಗೆ ಬಾಗಿಲಲ್ಲಿ ಸುತ್ತಿಗೆಯ ಸದ್ದು ಕೇಳಿಸಿತು. ಮುನಿಯಲ್ಲಪ್ಪ ನಡುಗಲ್ಲಿನ ಬುಡಕ್ಕೆ ಉಳಿ ಕೊಟ್ಟು ಹೊಡೆಯುತ್ತಿದ್ದ. ಯಾವ ಕಲ್ಲು ಎಲ್ಲಿ ಸೀಳುತ್ತದೆಂದು ಕಡಿದವನಿಗಲ್ಲದೆ ಇನ್ಯಾರಿಗೆ ಗೊತ್ತು? ಬೆಣೆ ಇಳಿಸಲು ಐದು ಕುಳಿ ಬೇಕು. ಎರಡು ಆಗಿದ್ದವು.

ಆಂಜಿನಪ್ಪ ದೊಣ್ಣೆ ಹಿಡಿದು ಓಡಿಬಂದು, ಏನು ಮಾಡುತ್ತಿದ್ದೀಯೆಂದು ಗದರಿದ.

"ಅವತ್ತು ಅಳತೆ ತಪ್ಪಿದ್ದೆ ಕಣಣ್ಣಾ. ನಮ್ಮೋಳು ಹೇಳಿದ್ಲು, ನಾನ್ ಕೇಳ್ಲಿಲ್ಲ. ಈಗ ಸರಿ ಮಾಡ್ತಾ ಇದೀನಿ."

ಆಂಜಿನಪ್ಪ ದೊಣ್ಣೆ ಎತ್ತಿದ. ಒಳಗೆ ಯಾರೋ ರೇಡಿಯೋ ಜೋರು ಮಾಡಿಸಿದರು. ಮುನಿಯಲ್ಲಪ್ಪ ತಲೆಯೆತ್ತದೆ ಮೂರನೆಯ ಕುಳಿಗೆ ಉಳಿ ಇಟ್ಟ.