ಎಡಗಡೆಯ ಕುಳಿ

ಮುಲಾಮು ಉಜ್ಜುತ್ತಿದ್ದ ಹೆಂಡತಿಯ ಬೆರಳು ಅಲ್ಲೇ ನಿಂತುಬಿಟ್ಟಿತು. ಭುಜ ಹಿಡಿದುಕೊಂಡಿದೆ ಎಂದು ಮೇಷ್ಟ್ರು ಬೆಳಗಿನಿಂದ ಗೊಣಗುತ್ತಿದ್ದರಲ್ಲ, ಅಂಗಿ ಬಿಚ್ಚಿಸಿ ಸ್ಟೂಲಿನ ಮೇಲೆ ಕೂರಿಸಿದ್ದಳು. ಈಗ ನೋಡಿದರೆ ಕೊರಳೆಲುಬಿನ ಮೇಲಿನ ಕುಳಿಯಲ್ಲಿ ಬಟಾಣಿಕಾಳಿನಂಥದ್ದೊಂದು ಕೈಗೆ ಸಿಕ್ಕಿದೆ. ಒತ್ತಿದರೂ ಜರುಗಲೊಲ್ಲದು.

“ರೀ, ಇದೇನಿದು, ಗಂಟು?”

“ಯಾವ ಕಡೆ?”

“ಎಡಗಡೆ.”

“ಕನ್ನಡಿ ನೋಡ್ಕೊಂಡು ಹೇಳ್ತಿದ್ದೀಯ. ಕನ್ನಡೀಲಿ ಬಲ ಎಡ ಆಗುತ್ತೆ.”

“ಕನ್ನಡಿ ಬಚ್ಚಲಲ್ಲಿದೆ. ನಾನು ನಿಮ್ಮ ಬೆನ್ನ ಹಿಂದೆ ನಿಂತಿದ್ದೀನಿ.”

ಮೇಷ್ಟ್ರು ಅಂಗಿ ಹಾಕಿಕೊಂಡು ಎದ್ದೇಬಿಟ್ಟರು.

ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದ ಡಾಕ್ಟರು ಅವರು. ವಿದ್ಯಾರ್ಥಿಗಳ ಬಾಯಲ್ಲಿ ‘ಕುಳಿ ಮೇಷ್ಟ್ರು’. ಆ ಕುಳಿಯ ಇಷ್ಟಗಲದ ಜಾಗದಲ್ಲಿ ಕೈಗೆ ಹೋಗುವ ನರಗಳಿವೆ, ಶ್ವಾಸಕೋಶದ ತುದಿಯಿದೆ, ಹೊಟ್ಟೆಯ ಕಡೆಯಿಂದ ಮೇಲೇರಿದ ದುಗ್ಧರಸ, ಅಂದರೆ ಲಿಂಫ್, ಎಡಗಡೆ ಇಲ್ಲೇ ರಕ್ತಕ್ಕೆ ಸೇರುತ್ತದೆ. ಹೊಟ್ಟೆಯಲ್ಲಿ ಅವಿತ ಕ್ಯಾನ್ಸರ್ ಎಂಬ ಕಳ್ಳ ಒಮ್ಮೊಮ್ಮೆ ಈ ಕಿಟಕಿಯಲ್ಲಿ ತಲೆ ಹಾಕುತ್ತಾನೆ, ಆದ್ದರಿಂದ ಎಡಗಡೆ ಗಂಟು ಸಿಕ್ಕರೆ ತಡಮಾಡಬೇಡಿ ಎಂದು ಹೇಳಿ ಹೇಳಿ ಅವರ ಗಂಟಲೇ ಸವೆದಿತ್ತು. ನೆಂಟರು ಬಂದರೂ ಅಷ್ಟೇ, ಕ್ಷೇಮ ಕೇಳುವ ಮೊದಲೇ ಕೊರಳಿಗೆ ಕೈ. ಹೆಂಡತಿಯ ತಮ್ಮನಂತೂ ಇವರ ಮನೆಗೆ ಬರುವಾಗ ಬೇಸಿಗೆಯಲ್ಲೂ ಮಫ್ಲರ್ ಸುತ್ತಿಕೊಂಡು ಬರುತ್ತಿದ್ದ.

ಅಂಥವರು ಈಗ ಸ್ವಂತ ಕೊರಳನ್ನು ಮುಟ್ಟಲೊಲ್ಲರು.

“ಕ್ಷಯವೂ ಇರಬಹುದು. ಬರೀ ಸೋಂಕೂ ಇರಬಹುದು,” ಎಂದರು.

“ಇರ್ಲಿ ಬಿಡಿ. ಏನಂತ ದೊಡ್ಡಾಸ್ಪತ್ರೇಲಿ ತೋರ್ಸೋಣ.”

ಅಲ್ಲೇ ಇದ್ದದ್ದು ತೊಡಕು. ಇಂಥ ಗಂಟುಗಳನ್ನು ನೋಡುವ ವಿಭಾಗಕ್ಕೆ ಅಲ್ಲಿ ಮುಖ್ಯಸ್ಥೆಯಾಗಿದ್ದವಳು ಅವರ ಹಳೆಯ ವಿದ್ಯಾರ್ಥಿನಿ. ಪರೀಕ್ಷೆಯಲ್ಲಿ ರೋಗಿಯ ಕೊರಳಿನ ಬಲಗಡೆ ಮಾತ್ರ ಮುಟ್ಟಿ ಕೈ ತೆಗೆದಿದ್ದಳೆಂದು ಮೇಷ್ಟ್ರು ಅವಳನ್ನು ಫೇಲು ಮಾಡಿದ್ದರು.

“ಎಡಗಡೆ ಮರೆತವಳ ಮುಂದೆ ನಾನು ಎಡಗಡೆ ತೋರಿಸ್ಕೊಂಡು ಕೂರ್ಲಾ?”

ಆದರೂ ಹೆಂಡತಿಯ ಕಾಟಕ್ಕೆ ಕಾಗದ ಬರೆಯಲು ಕೂತರು. ಅಲ್ಲಿಗೆ ಹೋಗಲು ಒಬ್ಬ ಡಾಕ್ಟರ ಶಿಫಾರಸು ಪತ್ರ ಬೇಕು. ತಾವೇ ಡಾಕ್ಟರು, ತಾವೇ ರೋಗಿ. ‘ಒಬ್ಬ ಹಿರಿಯ ರೋಗಿಗೆ’ ಎಂದು ಶುರುಮಾಡಿ, ದುಗ್ಧನಾಳದ ದಾರಿಯನ್ನೆಲ್ಲ ವರ್ಣಿಸಿ ನಾಲ್ಕು ಪುಟ ತುಂಬಿಸಿದರು. ರೋಗಿಯ ಹೆಸರಿನ ಜಾಗ ಮಾತ್ರ ಖಾಲಿ. ಮರುದಿನ ಹರಿದರು, ಮತ್ತೆ ಬರೆದರು. ವಾರಗಳು ಕಳೆದವು.

“ಫೋನಾದರೂ ಮಾಡ್ರೀ.”

“ಫೋನಿನಲ್ಲಿ ತಿದ್ದೋಕಾಗಲ್ಲ ಕಣೇ.”

“ಅವರು ವಿಭಾಗ ನಡೆಸೋರು. ಅವರಿಗೇ ಪಾಠ ಬರೆದು ಕಳಿಸ್ತೀರಾ?”

ಹೇಳಿದ್ದೆಲ್ಲ ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಗಂಟು ಮಾತ್ರ ಕಾಯಲಿಲ್ಲ, ಬಟಾಣಿ ಹೋಗಿ ಕಡಲೆಕಾಯಿಯಾಯಿತು.

ಒಂದು ಮಧ್ಯಾಹ್ನ ತಟ್ಟೆ ಒರೆಸುತ್ತಿದ್ದ ಅವಳು ಇದ್ದಕ್ಕಿದ್ದಂತೆ ಕೊರಳ ಮೇಲೆ ಕೈಯಿಟ್ಟುಕೊಂಡಳು.

“ರೀ, ನನಗೂ ಇಲ್ಲೊಂದು ಗಂಟಿದ್ದ ಹಾಗಿದೆ.”

ಮೇಷ್ಟ್ರ ಪೆನ್ನು ನೆಲಕ್ಕೆ ಬಿತ್ತು. “ಎಡಗಡೆನಾ? ಏಳು, ನಡಿ, ಆಟೋ ಕರೀತೀನಿ!” ಎನ್ನುತ್ತಲೇ ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ಅವಳದ್ದು ತೂರಿಸಿದರು.

“ಮುಟ್ಟಿ ನೋಡಲ್ವಾ?”

“ನಾನು ಬೇಡ. ಅವಳೇ ನೋಡ್ಲಿ. ಅವಳಿಗಿಂತ ಚೆನ್ನಾಗಿ ನೋಡೋರು ಈ ಊರಲ್ಲಿ ಯಾರಿದ್ದಾರೆ?”

“ಕಾಗದ ಬೇಡ್ವಾ?”

“ಕಾಗದಕ್ಕೆ ಬೆಂಕಿ ಬೀಳ! ಕಾಲು ಹಿಡ್ಕೋತೀನಿ.”

ಅವಳು ಕೈ ಇಳಿಸಿದಳು. “ನನಗೇನೂ ಇಲ್ಲ ಕಣ್ರೀ.”

ಮೇಷ್ಟ್ರು ಬಾಗಿಲಿನಿಂದ ಹಿಂದಕ್ಕೆ ತಿರುಗಿದರು. ಬೈಯುತ್ತಾರೇನೋ ಎಂದು ಅವಳು ಕಾದಳು. ಬೈಯಲಿಲ್ಲ. ಒಳಗೆ ಬಂದು ಹೊಸ ಹಾಳೆ ತೆಗೆದು ಎರಡೇ ಸಾಲು ಬರೆದರು: ‘ಎಡ ಕೊರಳೆಲುಬಿನ ಮೇಲೆ ಗಂಟು, ಬೆಳೆಯುತ್ತಿದೆ. ದಯವಿಟ್ಟು ಬೇಗ ನೋಡಬೇಕು.’ ಹೆಸರಿನ ಜಾಗದಲ್ಲಿ ತಮ್ಮ ಹೆಸರು ಬರೆದು, ಓದಿ ನೋಡದೆಯೇ ಲಕೋಟೆ ಅಂಟಿಸಿದರು.

“ಕೊಡಿ, ನಾನು ಹಾಕಿ ಬರ್ತೀನಿ,” ಎಂದಳು.

“ಬೇಡ. ನಿನ್ನ ಒಂದು ಚಪ್ಪಲಿ ನನ್ನ ಕಾಲಲ್ಲಿದೆ,” ಎಂದು ಹಾಗೇ ಕುಂಟುತ್ತ ಬೀದಿಗಿಳಿದು, ಮೂಲೆಯ ಅಂಚೆ ಡಬ್ಬಿಗೆ ಹಾಕಿದರು.