ಪಾತ್ರೆಯ ತಳದ ಹೆಸರು

ಹೋಲ್ಮ್‌ವಿಲ್‌ನಲ್ಲಿ ಇನ್ನೊಬ್ಬರ ಪಾತ್ರೆಯನ್ನು ಇಟ್ಟುಕೊಳ್ಳುವುದು ಚರ್ಚಿಗೆ ಚಕ್ಕರ್ ಹೊಡೆಯುವುದಕ್ಕಿಂತ ದೊಡ್ಡ ಪಾಪ. ಸಾವಾಗಲಿ, ಹೆರಿಗೆಯಾಗಲಿ, ಆಲೂಗಡ್ಡೆ ಮತ್ತು ಮಾಂಸ ಬೇಯಿಸಿದ ಗಾಜಿನ ಪಾತ್ರೆ ಬಿಸಿಬಿಸಿಯಾಗಿ ಮನೆ ಬಾಗಿಲಿಗೆ ಬರುತ್ತದೆ. ಅದರ ತಳದಲ್ಲಿ ಬಿಳಿ ಅಂಟುಪಟ್ಟಿ, ಪಟ್ಟಿಯ ಮೇಲೆ ಒಡತಿಯ ಹೆಸರು. ತಿಂದು ಮುಗಿಸಿದ ಮೇಲೆ ತೊಳೆಯಬೇಕು, ಮಗುಚಿ ನೋಡಬೇಕು, ಹೆಸರಿದ್ದವರಿಗೆ ಮುಟ್ಟಿಸಬೇಕು. ಇಷ್ಟೇ ಕಾನೂನು. ಇದನ್ನು ಮುರಿದವರನ್ನು ಊರು ಮೂರು ತಲೆಮಾರು ನೆನಪಿಟ್ಟುಕೊಳ್ಳುತ್ತದೆ.

ಆ ಶುಕ್ರವಾರ ಸಮುದಾಯ ಭವನದಲ್ಲಿ ಎಂದಿನಂತೆ ಮೀನಿನ ಊಟ. ಅಡುಗೆಯ ಅರ್ಡಿಸ್ ಟೆಶ್ ಬಾಣಲೆಯ ಮುಂದಿದ್ದಳು. ಅವಳ ಅಕ್ಕನ ಮಗಳು ಕೆಂಡ್ರಾ ಬಡಿಸುತ್ತಿದ್ದಳು. ಒಬ್ಬ ಬಂದೂಕು ಹಿಡಿದು ಒಳಗೆ ಬಂದ. ಆರು ಜನ ಸತ್ತರು, ಹನ್ನೊಂದು ಜನರಿಗೆ ಗಾಯವಾಯಿತು. ಅವನ ಹೆಸರನ್ನು ಅರ್ಡಿಸ್ ಇವತ್ತಿಗೂ ಬಾಯಲ್ಲಿ ಎತ್ತುವುದಿಲ್ಲ, ಹಾಗಾಗಿ ಇಲ್ಲೂ ಬೇಡ. ಒಂದು ಗುಂಡು ಅವಳ ಸೊಂಟಕ್ಕೆ ಬಿತ್ತು, ಇನ್ನೊಂದು ಕೆಂಡ್ರಾಳ ಬಲಗೈಗೆ.

ಆಸ್ಪತ್ರೆಯಿಂದ ಬಂದ ಅರ್ಡಿಸ್‌ಳ ಮನೆಗೆ ನಲವತ್ತೊಂದು ಪಾತ್ರೆ ಬಂದವು. ಅವಳು, ಊರಿಕೊಂಡು ನಡೆಯಲು ಆಸ್ಪತ್ರೆಯವರು ಕೊಟ್ಟಿದ್ದ ಚೌಕಟ್ಟಿಗೆ ಸೈಕಲ್ ಬುಟ್ಟಿ ಕಟ್ಟಿಕೊಂಡು, ಎರಡು ತಿಂಗಳೊಳಗೆ ನಲವತ್ತೊಂದನ್ನೂ ಅವರವರಿಗೆ ತಲುಪಿಸಿದಳು. ಒಂದರ ಪಟ್ಟಿ ಕಿತ್ತುಹೋಗಿತ್ತು. ಅದನ್ನು ಗ್ರಂಥಾಲಯದ ಮೇಜಿನ ಮೇಲಿಟ್ಟು ಚೀಟಿ ಅಂಟಿಸಿದಳು. ನಾಲ್ಕನೇ ದಿನ ಒಡತಿ ಸಿಕ್ಕಳು.

ಅಷ್ಟರಲ್ಲಿ ದೇಶದ ಮೂಲೆಮೂಲೆಯಿಂದ ದುಡ್ಡು ಹರಿದುಬಂದಿತ್ತು. ಪೆಟ್ರೋಲ್ ಬಂಕಿನಿಂದ ಹಿಡಿದು ಕ್ಷೌರದಂಗಡಿಯವರೆಗೆ ಡಬ್ಬಗಳು, ಪ್ರತಿ ಡಬ್ಬದ ಮೇಲೂ ‘ಗಾಯಾಳುಗಳಿಗೆ ಮತ್ತು ಅವರ ಕುಟುಂಬಗಳಿಗೆ’ ಎಂಬ ಬರಹ. ಒಟ್ಟು ಇಪ್ಪತ್ತು ಲಕ್ಷ ಡಾಲರ್ ಆಯಿತು. ನಿಧಿಯ ಅಧ್ಯಕ್ಷನಾದವನು ಕಾರು ಮಾರುವ ರೋಜರ್ ಡಾಲ್ಕೆ. ರೋಜರ್ ಕಳ್ಳನಲ್ಲ. ಕಳ್ಳನಾಗಿದ್ದರೆ ಹಿಡಿದುಕೊಡಬಹುದಿತ್ತು. ಅವನು ಉತ್ಸಾಹಿ, ಉತ್ಸಾಹಕ್ಕೆ ಯಾವ ಸೆಕ್ಷನ್ನೂ ಅನ್ವಯಿಸುವುದಿಲ್ಲ. ಆ ದುಡ್ಡಿನಲ್ಲಿ ಅವನು ‘ಸಾಂತ್ವನ ಭವನ’ ಕಟ್ಟಿಸತೊಡಗಿದ.

ಕೆಂಡ್ರಾಳ ಕೈಗೆ ಮೂರನೆಯ ಶಸ್ತ್ರಚಿಕಿತ್ಸೆ ಬಾಕಿಯಿತ್ತು. ಏಪ್ರಿಲ್ ಒಳಗೆ ಆಗದಿದ್ದರೆ ಬೆರಳು ಮಡಚಿದಂತೆಯೇ ಉಳಿಯುತ್ತವೆ ಎಂದಿದ್ದರು ವೈದ್ಯರು. ವಿಮೆಯವರು ಕೈಯೆತ್ತಿದ್ದರು. ಅರ್ಡಿಸ್ ನಿಧಿಯ ಕಚೇರಿಗೆ ಹೋದಳು. ಮೊದಲ ಸಲ ಒಂದು ಕರಡಿಗೊಂಬೆ ಕೊಟ್ಟು ಕಳಿಸಿದರು. ಎರಡನೇ ಸಲ ಲ್ಯಾವೆಂಡರ್ ವಾಸನೆಯ ಮೇಣದಬತ್ತಿ. ಮೂರನೇ ಸಲ ರೋಜರನೇ ಸಿಕ್ಕ. ಅವನು ಶಾಲೆಯಲ್ಲಿ ಓದುವಾಗ ಅಲ್ಲಿ ದಿನಾ ಮಧ್ಯಾಹ್ನ ತಟ್ಟೆಗೆ ಬಡಿಸಿದವಳು ಇವಳೇ.

“ರೋಜರ್, ಬೊಂಬೆ ಆಪರೇಷನ್ ಮಾಡಲ್ಲಪ್ಪ. ಕೈಗೆ ದುಡ್ಡು ಬೇಕು.”

“ಅರ್ಡಿಸ್ ಅವರೇ, ಒಬ್ಬೊಬ್ಬರಿಗೆ ಹಂಚ್ತಾ ಹೋದ್ರೆ ಊರಿಗೆ ಏನು ಉಳಿಯುತ್ತೆ ಹೇಳಿ. ಜನ ಕೊಟ್ಟಿದ್ದು ಎಲ್ಲರ ಮನಸ್ಸು ವಾಸಿಯಾಗ್ಲಿ ಅಂತ.”

“ಡಬ್ಬದ ಮೇಲೆ ಹಂಗೆ ಬರೆದಿರಲಿಲ್ಲ.”

“ಉಳಿದ ದುಡ್ಡಿನ ವಿಚಾರ ಮುಂದಿನ ವರ್ಷ ನೋಡೋಣ,” ಎಂದ ರೋಜರ್. ಆಮೇಲೆ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. “ಅಂದಹಾಗೆ, ಮಾರ್ಚ್‌ನಲ್ಲಿ ಉದ್ಘಾಟನೆ. ಅಡುಗೆ ನಿಮ್ಮದೇ ಆಗಬೇಕು ಅಂತ ಸಮಿತಿ ಆಸೆ. ಸೇವೆ ಅಂದ್ಕೊಂಡು…”

“ಆಗ್ಲಿ. ಹಿಂದಿನ ದಿನಾನೇ ಬೀಗದ ಕೈ ಕೊಡು.”

ಇಷ್ಟು ಸುಲಭವಾಗಿ ಒಪ್ಪಿದ್ದು ಕಂಡು ಕೆಂಡ್ರಾಗೆ ಸಿಟ್ಟು ಬಂತು. ಮಾರನೇ ತಿಂಗಳು, ಉದ್ಘಾಟನೆಯ ಹಿಂದಿನ ದಿನ, ಇಬ್ಬರೂ ಭವನದ ಒಳಗೆ ಕಾಲಿಟ್ಟಾಗಲೂ ಅದು ಇಳಿದಿರಲಿಲ್ಲ. “ಚಿಕ್ಕಮ್ಮ, ಬಿಟ್ಟಿ ಚಾಕರಿ ಬೇರೆ ಮಾಡ್ತೀಯಾ ಇವರಿಗೆ?”

“ಬಾಯ್ಮುಚ್ಕೊಂಡು ಆ ಕುರ್ಚಿ ಓರೆ ಮಾಡೇ.”

ಕೆಂಡ್ರಾ ಎಡಗೈಯಲ್ಲಿ ಕುರ್ಚಿ ಓರೆ ಮಾಡಿದಳು. ಅರ್ಡಿಸ್ ಚೀಲದಿಂದ ಅಂಟುಪಟ್ಟಿ ತೆಗೆದು, ಹೆಸರು ಬರೆದು, ಕುರ್ಚಿಯ ತಳಕ್ಕೆ ಅಂಟಿಸಿದಳು. ಕೆಂಡ್ರಾ ಆ ಹೆಸರು ಓದಿ ಹೊಟ್ಟೆ ಹಿಡಿದು ನಕ್ಕಳು. ಗುಂಡು ಬಿದ್ದಮೇಲೆ ಅವಳು ಹಾಗೆ ನಕ್ಕಿದ್ದು ಅದೇ ಮೊದಲು.

ಉದ್ಘಾಟನೆಗೆ ಊರಿಗೆ ಊರೇ ಬಂತು; ಕೂತವರಿಗಿಂತ ನಿಂತವರೇ ಹೆಚ್ಚು. ನಡುವೆ ಕಾರಂಜಿ, ಕಾರಂಜಿಯ ತುದಿಯಲ್ಲಿ ಕಂಚಿನ ಪಾರಿವಾಳ. ರೋಜರ್ ಮೈಕು ಹಿಡಿದು, “ಇಲ್ಲಿರೋ ಪ್ರತಿಯೊಂದು ವಸ್ತುವೂ ಆ ಹದಿನೇಳು ಕುಟುಂಬದ್ದು,” ಎಂದ.

ಅರ್ಡಿಸ್ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. “ಸರಿಯಾಗಿ ಹೇಳ್ದೆ. ಎಲ್ರೂ ಎದ್ದು ಒಂದ್ಸಲ ಕುರ್ಚಿ ಮಗುಚಿ ನೋಡಿ.”

ಆ ಊರಿನವರಿಗೆ ಏನನ್ನಾದರೂ ಮಗುಚಿ ನೋಡು ಎಂದು ಎರಡನೇ ಸಲ ಹೇಳಬೇಕಾಗಿಲ್ಲ. ಅರವತ್ತು ಕುರ್ಚಿಗಳು ಕಾಲು ಮೇಲೆ ಮಾಡಿದವು. ಅರವತ್ತು ಬಿಳಿ ಪಟ್ಟಿ, ಒಂದೊಂದರ ಮೇಲೂ ಆ ಹದಿನೇಳು ಜನರಲ್ಲಿ ಒಬ್ಬರ ಹೆಸರು. ಅಂಚೆಯ ಗ್ಲೆನ್‌ನ ಕುರ್ಚಿಯಡಿ, ಆ ಶುಕ್ರವಾರ ಸತ್ತ ಅವನ ತಮ್ಮನ ಹೆಸರಿತ್ತು. ಅವನು ಅದರ ಮೇಲೆ ಬೆರಳಾಡಿಸುತ್ತ ನಿಂತುಬಿಟ್ಟ. ಅರ್ಡಿಸ್‌ಗೂ ಆ ಕ್ಷಣ ಕೀಟಲೆ ಅತಿಯಾಯಿತೇನೋ ಎನ್ನಿಸಿತು.

ಆಮೇಲೆ ಗ್ಲೆನ್ ಕುರ್ಚಿಯನ್ನು ಹೆಗಲಿಗೇರಿಸಿಕೊಂಡ.

“ಎಲ್ಲಿಗೆ ಗ್ಲೆನ್?” ಎಂದ ರೋಜರ್.

“ತಮ್ಮನ ಹೆಂಡ್ತಿ ಮನೆಗೆ. ಹೆಸರಿದೆಯಲ್ಲ.”

ಅಲ್ಲಿಗೆ ಕಟ್ಟೆಯೊಡೆಯಿತು. ಹೆಸರು ಕಂಡಮೇಲೆ ಮುಟ್ಟಿಸದೆ ಕೂರುವ ಜಾಯಮಾನ ಆ ಊರಿನದಲ್ಲ. ಯಾರೂ ಕೂಗಲಿಲ್ಲ, ಯಾರೂ ಜಗಳವಾಡಲಿಲ್ಲ. ಬಾಗಿಲ ಬಳಿ ಒಬ್ಬರಿಗೊಬ್ಬರು ದಾರಿಬಿಟ್ಟುಕೊಡುತ್ತ ಕುರ್ಚಿ, ದೀಪ, ಕಾಫಿ ಯಂತ್ರಗಳನ್ನು ಹೊತ್ತು ನಡೆದರು. ಪಾರಿವಾಳದ ಹೊಟ್ಟೆಯಡಿಯೂ ಕೆಂಡ್ರಾಳ ಹೆಸರಿನ ಪಟ್ಟಿ ಸಿಕ್ಕಿತು. ಒಬ್ಬ ಪುಣ್ಯಾತ್ಮ ಕಾರಿನಿಂದ ಸ್ಪ್ಯಾನರ್ ತಂದು ಅದನ್ನು ಬಿಚ್ಚಿದ. ಖಾಲಿ ಭವನದಲ್ಲಿ ರೋಜರ್, ಮೈಕು, ಇನ್ನೂರು ಜನರ ಊಟ ಉಳಿದವು.

“ತಿಂದ್ಕೊಂಡು ಹೋಗು,” ಎಂದಳು ಅರ್ಡಿಸ್. “ಆರಿಹೋಗುತ್ತೆ.”

ಸೋಮವಾರ ಬೆಳಿಗ್ಗೆ ರೋಜರ್ ಕೆಂಡ್ರಾಳ ಮನೆಗೆ ಬಂದ. ಜಗಲಿಯ ಮೇಲೆ ನಾಲ್ಕು ಕುರ್ಚಿ, ಪಾರಿವಾಳ. ಅರ್ಡಿಸ್ ಒಂದರ ಮೇಲೆ ಆರಾಮಾಗಿ ಕೂತಿದ್ದಳು.

“ಪೇಪರಲ್ಲಿ ಓದಿ ದಾನ ಕೊಟ್ಟವರು ಫೋನ್ ಮಾಡ್ತಿದಾರೆ,” ಎಂದ ಅವನು. “ಪಾರಿವಾಳ ಎಲ್ಲಿ ಅಂತ ಕೇಳ್ತಾರೆ.”

“ಪಾರಿವಾಳದ ವಿಚಾರ ಕೇಳಿದ್ರಾ, ಕೆಂಡ್ರಾ ಕೈ ವಿಚಾರ ಕೇಳಿದ್ರಾ?”

ರೋಜರ್ ಟೋಪಿ ತೆಗೆದು ಕೈಯಲ್ಲಿ ಹಿಡಿದ. “ಕೈ,” ಎಂದ.

ಗುರುವಾರ ಸಮಿತಿ ಕೂತು, ಉಳಿದಿದ್ದನ್ನೆಲ್ಲ ಹದಿನೇಳು ಮನೆಗೆ ಹಂಚಿತು. ಏಪ್ರಿಲ್‌ಗೆ ಎರಡು ದಿನ ಮೊದಲು ಕೆಂಡ್ರಾಳ ಶಸ್ತ್ರಚಿಕಿತ್ಸೆಯಾಯಿತು.

ಜೂನ್‌ನಲ್ಲಿ ಒಂದು ದಿನ ಅವಳು ಅಡುಗೆ ತುಂಬಿದ ಪಾತ್ರೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಬಂದಳು. “ಚಿಕ್ಕಮ್ಮ, ಇದನ್ನ ರೋಜರ್ ಮನೆಗೆ ಕೊಟ್ಟು ಬರೋಣ.”

“ಅವನಿಗ್ಯಾಕೇ?”

“ವಾಪಸ್ ಕೊಡೋದು ಅಭ್ಯಾಸ ಆಗ್ಲಿ.”

ಅರ್ಡಿಸ್ ಪಾತ್ರೆಯೆತ್ತಿ ತಳ ನೋಡಿದಳು. ಅಂಟುಪಟ್ಟಿಯ ಮೇಲೆ ಕೆಂಡ್ರಾಳ ಹೆಸರು, ಒಂದನೇ ಕ್ಲಾಸಿನ ಮಗು ಗೀಚಿದ ಹಾಗೆ; ಕೊನೆಯ ಅಕ್ಷರ ಪಟ್ಟಿ ಬಿಟ್ಟು ಗಾಜಿನ ಮೇಲೆ ಇಳಿದಿತ್ತು. ಬಲಗೈಯ ಬರಹ. ಅರ್ಡಿಸ್‌ಳ ಕಣ್ಣು ತುಂಬಿತು. ಅದನ್ನು ಮುಚ್ಚಿಕೊಳ್ಳಲು, ತಳ ಸೀದಿದೆ ಎಂದು ಬೈದಳು.

ಮಾರನೇ ಬೆಳಿಗ್ಗೆ ಏಳು ಗಂಟೆಗೆ, ಇನ್ನೂ ಕಾಫಿಯೂ ಆಗಿರಲಿಲ್ಲ, ರೋಜರ್ ಕೆಂಡ್ರಾಳ ಬಾಗಿಲಲ್ಲಿದ್ದ. ಪಾತ್ರೆಯನ್ನು ಫಳಫಳ ಹೊಳೆಯುವಂತೆ ತೊಳೆದಿದ್ದ. ಪಟ್ಟಿಯನ್ನು ಮಾತ್ರ ನೀರು ತಾಕಿಸದೆ ಉಳಿಸಿದ್ದ.