ಕಣ್ಣು ಮುಚ್ಚಿ ನಿಂತವರು

ನಡುಗುತ್ತಿದ್ದ ಉಕ್ಕಿನ ಶ್ರುತಿಕವೆಯ ಬುಡವನ್ನು ಕಾಂತರಾಜುವಿನ ಕಾಲಿನ ಹೆಬ್ಬೆರಳಿಗೆ ಒತ್ತಿ ಹಿಡಿದೆ.

"ಗುಂಯ್ ಅಂತ ಗೊತ್ತಾಗುತ್ತಾ?"

"ತಣ್ಣಗೈತೆ ಡಾಕ್ಟ್ರಮ್ಮ. ಅಷ್ಟೇಯ."

ಕಾಲಿನ ಗಿಣ್ಣಿಗೆ ಇಟ್ಟೆ. ಇಲ್ಲ. ಮಂಡಿಗೆ ಇಟ್ಟೆ. "ಆಂ, ಈಗ ಬಂತು ನೋಡಿ," ಎಂದು ನಕ್ಕ.

"ಗೌಡ್ರಿಗೆ ಕರೆಂಟು ಮಂಡಿಗಂಟ ಮಾತ್ರ ಕಣ್ಲಾ, ಕೆಳಕ್ಕೆಲ್ಲಾ ಲೋಡ್‌ಶೆಡ್ಡಿಂಗು," ಎಂದ ಸರದಿಯಲ್ಲಿ ಕೂತಿದ್ದ ಯಾರೋ. ಗುಡಿಯ ಅಂಗಳವೆಲ್ಲ ನಕ್ಕಿತು. ನಾನೂ ನಕ್ಕೆ.

ಬೀಗದ ಕೈಯ ತುದಿಯಿಂದ ಅವನ ಅಂಗಾಲನ್ನು ಹಿಮ್ಮಡಿಯಿಂದ ಮೇಲಕ್ಕೆ ಗೀರಿದೆ. ಹೆಬ್ಬೆರಳು ಕೆಳಗೆ ಮಡಚಬೇಕಿತ್ತು. ನಿಧಾನವಾಗಿ ಮೇಲೆದ್ದಿತು. ಕಾಲಿನ ನರಗಳಷ್ಟೇ ಅಲ್ಲ, ಬೆನ್ನುಹುರಿಯೂ ಕೆಟ್ಟಿದೆ ಎಂದರ್ಥ. ಅದು ನನಗೆ ಹೋದ ವಾರವೇ ಗೊತ್ತಿತ್ತು.

ಹೋದ ವಾರ ಮಗ ದಿಲೀಪ್ ಅವನನ್ನು ಹಾಸನದ ನನ್ನ ಕ್ಲಿನಿಕ್ಕಿಗೆ ಕರೆತಂದಿದ್ದ. ನಡೆದರೆ ಹತ್ತಿಯ ಮೇಲೆ ಕಾಲಿಟ್ಟ ಹಾಗೆ. ಚಪ್ಪಲಿ ಕಳಚಿ ಹಿಂದೆ ಉಳಿದರೂ ತಿಳಿಯುವುದಿಲ್ಲ. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ಬಚ್ಚಲಲ್ಲಿ ಮುಗ್ಗರಿಸುತ್ತಾನೆ. ಇಬ್ಬರಿಗೂ ನನ್ನ ಗುರುತು ಹತ್ತಲಿಲ್ಲ. ಬಾಗಿಲ ಮೇಲೆ 'ಡಾ. ಯಶಸ್ವಿನಿ ಸಿ., ನರರೋಗ ತಜ್ಞೆ' ಎಂದಿದೆ. ಆ 'ಸಿ' ಯಾರೆಂದು ಯಾರೂ ಕೇಳುವುದಿಲ್ಲ.

ರಕ್ತ ಪರೀಕ್ಷೆಗೆ ಬರೆದುಕೊಟ್ಟೆ. ಉಳಿದದ್ದನ್ನು ಅಲ್ಲೇ, ಬಾಗಿಲು ಹಾಕಿಕೊಂಡು ಮುಗಿಸಬಹುದಿತ್ತು. "ಭಾನುವಾರ ನಿಮ್ಮೂರ ಗುಡಿ ಹತ್ತಿರಾನೇ ನಮ್ಮ ಶಿಬಿರ ಇದೆ, ಅಲ್ಲಿಗೇ ಬಂದ್ಬಿಡಿ," ಎಂದೆ. ಶಿಬಿರ ಎಂಬುದು ನನ್ನ ತಲೆಯಲ್ಲಿ ಹುಟ್ಟಿದ್ದೇ ಆ ಗಳಿಗೆಯಲ್ಲಿ.

ರಾಮನಾಥಪುರದಿಂದ ಒಳಗೆ ಇರುವ ಈ ಊರಿನಲ್ಲಿ ನನ್ನಪ್ಪ ಚಿಕ್ಕಯ್ಯ ಇದೇ ಕಾಂತರಾಜುವಿನ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿಗೆ ಬೆಂಕಿ ಹಾಕುವ ಕೆಲಸದಲ್ಲಿದ್ದ. ಬೆಳಕಿದ್ದಾಗ ನೆಲ ನೋಡಿಕೊಂಡು, ಕಾಲು ಕುಕ್ಕಿ ಕುಕ್ಕಿ ನೆಟ್ಟಗೆ ನಡೆಯುತ್ತಿದ್ದ. ಕತ್ತಲಾದರೆ ಬೀಳುತ್ತಿದ್ದ. ಒಂದು ಮುಸ್ಸಂಜೆ ಒಲೆಯ ಬಾಯಲ್ಲೇ ಬಿದ್ದ. ಕೊಳ್ಳಿ ಚೆಲ್ಲಿತು, ಬ್ಯಾರನ್ ಹತ್ತಿಕೊಂಡಿತು. ಕುಡಿದಿದ್ದ ಎಂದ ಕಾಂತರಾಜು. ಹನಿ ಮುಟ್ಟಿಲ್ಲ ಎಂದ ಅಪ್ಪ. ಹಾಗಾದರೆ ಪ್ರಮಾಣ ಮಾಡು ಎಂದರು.

ಊರಮ್ಮನ ಮುಂದೆ ಪ್ರಮಾಣಕ್ಕೆ ನಿಲ್ಲುವುದು ಹೀಗೆ: ಪಾದ ಜೋಡಿಸಬೇಕು, ಕೈ ಮುಗಿಯಬೇಕು, ಕಣ್ಣು ಮುಚ್ಚಬೇಕು. ಆಮೇಲೆ ಹೇಳಬೇಕು. ಅಪ್ಪ ಪಾದ ಜೋಡಿಸಿ ಕೈ ಮುಗಿದು ಗಟ್ಟಿಯಾಗಿ ನಿಂತ. ಕಣ್ಣು ಮುಚ್ಚಿದ. ಬಾಯಿ ತೆರೆಯುವ ಮುಂಚೆಯೇ ಕಡಿದ ಮರದಂತೆ ಬಿದ್ದ. ಊರಮ್ಮನೇ ತಳ್ಳಿದಳು ಎಂದರು ಜನ.

ಕೆಲಸ ಹೋಯಿತು. ಕುಡುಕನನ್ನು ಆಸ್ಪತ್ರೆಗೆ ಯಾರು ಕರೆದೊಯ್ಯುತ್ತಾರೆ? ಕಾಲು ಪೂರ್ತಿ ಸೋತು ಚಾಪೆ ಹಿಡಿದು ಸತ್ತ. ಅವ್ವ ನನ್ನನ್ನು ಕಟ್ಟಿಕೊಂಡು ಅರಕಲಗೂಡಿಗೆ ಬಂದಳು. ವರ್ಷಗಳ ಮೇಲೆ, ಓದುವಾಗ, ಪ್ರೊಫೆಸರು ಒಬ್ಬ ರೋಗಿಯನ್ನು ಪಾದ ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಲು ಹೇಳಿದರು. ಅವನು ವಾಲಿದ. ನಾನು ವಾರ್ಡಿನಿಂದ ಹೊರಗೆ ಬಂದು ಗೋಡೆ ಹಿಡಿದುಕೊಂಡು ನಿಂತೆ.

"ಎದ್ದು ನಿಲ್ಲಿ," ಎಂದೆ ಈಗ. ಗುಡಿಯ ಬಾಗಿಲಿಗೆ ಮುಖ ಮಾಡಿಸಿದೆ. ಹಿಂದೆ ದಿಲೀಪ್‌ನನ್ನು ನಿಲ್ಲಿಸಿದೆ. ತಲೆ ಒಡೆಯುವುದು ನನಗೆ ಬೇಕಿರಲಿಲ್ಲ. "ಪಾದ ಜೋಡಿಸಿ. ಕೈ ಮುಗೀರಿ."

ಪರೀಕ್ಷೆಗೆ ಕೈ ಮುಗಿಯುವ ಅಗತ್ಯವಿಲ್ಲ.

ಅಂಗಳದ ನಗು ನಿಂತಿತು. ಕಾಂತರಾಜು ನನ್ನ ಮುಖವನ್ನೇ ನೋಡಿದ. "ಯಾರ್ ಮಗಳವ್ವಾ ನೀನು?"

"ಮೊದ್ಲು ಕಣ್ಣು ಮುಚ್ಚಿ."

ಮುಚ್ಚಿದ. ಮೈ ಮುಂದಕ್ಕೆ ತೂಗಿತು, ಹಿಂದಕ್ಕೆ ತೂಗಿತು, ಸೀದಾ ಮಗನ ತೋಳಿಗೆ ಬಿತ್ತು. ಜಗಲಿಯಿಂದ ಯಾರೋ "ಅಯ್ಯೋ ತಾಯೇ" ಎಂದರು.

"ಗೌಡ್ರು ಕುಡಿದವ್ರೆ," ಎಂದೆ, ಎಲ್ಲರಿಗೂ ಕೇಳುವಂತೆ.

"ಏನ್ ಮೇಡಂ ಇಂಗಂತೀರಾ!" ದಿಲೀಪ್ ಕೂಗಿದ. "ನಮ್ಮಪ್ಪ ಜನ್ಮದಲ್ಲೇ ಮುಟ್ಟಿಲ್ಲ. ಬೇಕಾದ್ರೆ ಬಾಯಿ ಮೂಸ್ ನೋಡಿ!"

"ನಮ್ಮಪ್ಪ ಚಿಕ್ಕಯ್ಯನ ಬಾಯಿ ಯಾರು ಮೂಸಿದ್ರು?"

ಆಮೇಲೆ ನಿಧಾನವಾಗಿ ಹೇಳಿದೆ, ಪಾಠ ಹೇಳುವ ಹಾಗೆ. ಕುಡಿದವನು ಕಣ್ಣು ಬಿಟ್ಟುಕೊಂಡೂ ತೂರಾಡುತ್ತಾನೆ. ಕಣ್ಣು ಬಿಟ್ಟಾಗ ಗಟ್ಟಿಯಾಗಿ ನಿಂತು ಮುಚ್ಚಿದ ಕೂಡಲೇ ಬೀಳುವವನಿಗೆ ಪಾದ ಎಲ್ಲಿದೆ ಎಂಬ ಸುದ್ದಿ ತಲೆಗೆ ತಲುಪುತ್ತಿಲ್ಲ, ಅಷ್ಟೇ. ಅವನು ಕಣ್ಣಿನಿಂದ ನಿಂತಿರುತ್ತಾನೆ. ಕಾಂತರಾಜುವಿನ ರಕ್ತದಲ್ಲಿ ಒಂದು ವಿಟಮಿನ್ ತೀರ ಕಡಿಮೆಯಿದೆ. ಅಪ್ಪನ ರಕ್ತವನ್ನು ಯಾರೂ ನೋಡಲಿಲ್ಲ, ಅವನದೂ ಇದೇ ಎಂದು ನಾನು ಆಣೆ ಹಾಕಲಾರೆ. ಅದು ಹೆಂಡವಲ್ಲ ಎಂದು ಹಾಕಬಲ್ಲೆ.

ಕಾಂತರಾಜು ನೆಲದಲ್ಲಿ ಕೂತಿದ್ದ. "ನಂಗೂ ಅಂಗೇ ಆಯ್ತದಾ? ಚಾಪೆ ಮ್ಯಾಲೆ?"

"ಇಲ್ಲ. ಸೂಜಿ ಐತೆ. ನೀವು ನಡೀತೀರ."

ಅಲ್ಲೇ ಹಾಕಿದೆ. ಮೆಲ್ಲಗೆ ಚುಚ್ಚಿದೆ ಎಂದು ಹೇಳಲಾರೆ.

ಅವನು ತೋಳು ಉಜ್ಜಿಕೊಳ್ಳುತ್ತ ಪೂಜಾರಿ ಗುಂಡಯ್ಯನಿಗೆ ಕೈ ಮಾಡಿದ. ಗುಂಡಯ್ಯ ಒಳಗೆ ಹೋಗಿ ಅಮ್ಮನ ಮುಡಿಯ ಹೂವನ್ನು ತಟ್ಟೆಯಲ್ಲಿ ತಂದ. ಪ್ರಮಾಣದಲ್ಲಿ ಸೋತ ಮನೆಯವರು ಆ ಹೂ ತೆಗೆದುಕೊಂಡರೆ ಕಳಂಕ ಕಳೆಯಿತು, ಮಾತೂ ಮುಗಿಯಿತು. ಮುಂದೆ ಯಾರೂ ಅದನ್ನು ಎತ್ತುವಂತಿಲ್ಲ. ಈ ತಟ್ಟೆಗಾಗಿಯೇ ನಾನು ಅವ್ವನನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದಿದ್ದೆ.

ಅವ್ವ, ಮರಿಯಮ್ಮ, ಜಗಲಿಯ ಮೂಲೆಯಿಂದ ಎದ್ದು ಬಂದಳು.

"ಗೊತ್ತಿಲ್ದೆ ಆಗೋಯ್ತು ಮರಿಯಮ್ಮ," ಎಂದ ಕಾಂತರಾಜು. "ಎಲ್ರೆದ್ರಿಗೂ ಏಳ್ತಾ ಇವ್ನಿ. ಚಿಕ್ಕಯ್ಯ ಕುಡಿದಿರ್ನಿಲ್ಲ. ಅಮ್ಮನ ಹೂ ಇಸ್ಕವ್ವ."

ಅವ್ವ ಅವನನ್ನೂ ನೋಡಿದಳು, ಅವನನ್ನು ಎತ್ತಲು ಬಗ್ಗಿದ್ದ ನಾಲ್ಕಾರು ಕೈಗಳನ್ನೂ ನೋಡಿದಳು.

"ಅವತ್ತು ಅವ್ರು ಬಿದ್ದಾಗ ನಾನೊಬ್ಳೇ ಎತ್ತಿದ್ದು," ಎಂದಳು. "ಒಬ್ರೂ ಕೈ ಆಕ್ನಿಲ್ಲ."

"ಆಯ್ತು ಕಣವ್ವ, ಇಸ್ಕ," ಎಂದು ಗುಂಡಯ್ಯ ತಟ್ಟೆಯನ್ನು ಅವಳ ಎದೆಮಟ್ಟಕ್ಕೆ ತಂದ. "ಇಲ್ಲಿಗೇ ಮುಗ್ದೋಗ್ಲಿ."

"ಮುಗೀಬಾರ್ದು," ಎಂದಳು ಅವ್ವ. "ಇಸ್ಕಳಲ್ಲ."